ಬೇಸ್ ಹೂಳುವ ಸಂಜೆ

ಸಂಜೆ ಐದೂ ಮುಕ್ಕಾಲು. ಅಮೆರಿಕದ ರೆಡ್‌ವುಡ್ ಸಿಟಿಯ ಸ್ಲೊವಾಕ್ ಸಭಾಭವನದ ಅಡುಗೆಮನೆಯಲ್ಲಿ ಒಂದು ಡಬಲ್ ಬೇಸ್ ಸಿಕ್ಕಿಹಾಕಿಕೊಂಡಿತು.

ಡಬಲ್ ಬೇಸ್ ಎಂದರೆ ಪಿಟೀಲಿನ ಆಕಾರದ, ಆಳಿಗಿಂತ ಎತ್ತರದ ವಾದ್ಯ. ಪಕ್ಕದಲ್ಲಿ ನಿಂತು ನುಡಿಸಬೇಕು. ಅದು ಬಾಗಿಲನ್ನೇನೋ ದಾಟಿತು. ಬಾಗಿಲ ಹಿಂದೆಯೇ ಒಂದು ಫ್ರಿಜ್ ಇತ್ತು. ಫ್ರಿಜ್ಜಿಗೂ ಗೋಡೆಗೂ ನಡುವೆ ಒಂದು ತಿರುವು. ಆ ತಿರುವಿನಲ್ಲಿ ವಾದ್ಯದ ಹೊಟ್ಟೆ ಕಚ್ಚಿಕೊಂಡಿತು. ಕತ್ತು ಒಳಗಿತ್ತು, ಬುಡ ಹೊರಗಿತ್ತು.

ಮೂವರು ಹಿಡಿದಿದ್ದರು. ಕತ್ತಿನ ಕಡೆ ಡೆಜೋ ಒಲಾಹ್, ವಾದ್ಯದ ಒಡೆಯ, ಐವತ್ತರ ಆಸುಪಾಸಿನವನು. ಬುಡದ ಕಡೆ ಕಲೀಮ್, ಬೆಂಗಳೂರಿನವನು, ಫ್ರೀಮಾಂಟ್‌ನ ಒಂದು ಇಂಡಿಯನ್ ಗ್ರೋಸರಿಯ ವ್ಯಾನ್ ಓಡಿಸುವವನು. ನಡುವೆ ಯೋಗಾನಂದ, ಮಂಡ್ಯ ಕಡೆಯವನು, ರೆಡ್‌ವುಡ್ ಸಿಟಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವವನು.

"ಯೋಗಣ್ಣ, ಮುಂದ್ಗಡೆ ಅಷ್ಟು ದೊಡ್ಡ ಡೋರು ಇದೆಯಲ್ಲ," ಎಂದ ಕಲೀಮ್. "ಎರಡು ರೆಕ್ಕೆದು. ಆನೆ ಹೋಗುತ್ತೆ ಅದ್ರಲ್ಲಿ. ಇದ್ನ ಇಲ್ಯಾಕೆ ತುರುಕ್ತಾ ಇದೀವಿ?"

"ಡೆಜೋನ ಕೇಳು."

"ಅವನಿಗೆ ಕನ್ನಡ ಬರಲ್ಲ. ಅವನ ಇಂಗ್ಲಿಷು ನಂಗೆ ತಿಳಿಯಲ್ಲ. ನೀನೇ ಕೇಳಪ್ಪ."

ಯೋಗಾನಂದ ಇಂಗ್ಲಿಷಿನಲ್ಲಿ ಕೇಳಿದ.

"ವಾದ್ಯದವರು ಅಡುಗೆಮನೆ ಕಡೆಯಿಂದ," ಎಂದ ಡೆಜೋ.

"ಯಾರು ಹೇಳಿದ್ದು?"

"ಯಾರೂ ಹೇಳುವುದಿಲ್ಲ. ಹಾಗೇ."

"ಏನಂತೆ?" ಎಂದ ಕಲೀಮ್.

"ಮಾಮೂಲಂತೆ."

ಕಲೀಮ್ ಮತ್ತೆ ಕೇಳಲಿಲ್ಲ. ಫ್ರಿಜ್ಜಿಗೆ ಹೆಗಲು ಕೊಟ್ಟ. ಯೋಗಾನಂದನೂ ಕೊಟ್ಟ. ಒಳಗೆ ಅಡುಗೆ ಮಾಡುತ್ತಿದ್ದ ಹೆಂಗಸರಲ್ಲಿ ಒಬ್ಬಳು, "ಹುಷಾರು, ಅದರಲ್ಲಿ ಸಾಸೇಜು ತುಂಬಿದೆ," ಎಂದಳು. ಫ್ರಿಜ್ ಒಂದು ಗೇಣು ಸರಿಯಿತು. ಡೆಜೋ ವಾದ್ಯವನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ತಿರುಗಿಸಿದ. ಅವನ ಮುಂಗೈ ಗೋಡೆಗೆ ಉಜ್ಜಿ ಚರ್ಮ ಕಿತ್ತುಬಂತು. ವಾದ್ಯಕ್ಕೆ ಏನೂ ಆಗಲಿಲ್ಲ. ಬಿಳಿ ಅಂಗಿಗೆ ರಕ್ತ ತಾಗದಂತೆ ಅವನು ಕೈಯನ್ನು ದೂರ ಹಿಡಿದು, ನಲ್ಲಿಯ ಕೆಳಗೆ ತೊಳೆದುಕೊಂಡ.

ಅಂಗಿ ಇಸ್ತ್ರಿಯಾಗಿತ್ತು. ಟೈ ಇತ್ತು. ಅದಕ್ಕೆ ಕಾರಣವಿತ್ತು. ಈ ವರ್ಷ ತಾನು ಒಳಗೆ, ಮೇಜಿನ ಮುಂದೆ, ಕುರ್ಚಿಯ ಮೇಲೆ ಕುಳಿತು ಊಟ ಮಾಡುತ್ತೇನೆ ಎಂದು ಡೆಜೋ ಹೆಂಡತಿಗೆ ಹೇಳಿ ಬಂದಿದ್ದ.

ಅದು ಎರಡು ಸಾವಿರನೇ ಇಸವಿಯ ಮಾರ್ಚ್ ತಿಂಗಳ ಮೊದಲ ಶನಿವಾರ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಇನ್ನೇನು ಶುರುವಾಗುವುದರಲ್ಲಿದ್ದವು. ಆ ದಿನಗಳಲ್ಲಿ ಸ್ಲೊವಾಕರಲ್ಲಿ ಹಾಡು ಕುಣಿತ ಇಲ್ಲ. ಹಾಗಾಗಿ ಅದಕ್ಕೆ ಮೊದಲು ತಿಂದು, ಕುಡಿದು, ಕುಣಿದು, ಕೊನೆಗೆ ಬೇಸ್ ವಾದ್ಯವನ್ನು ಹೂಳುತ್ತಾರೆ. ನಿಜವಾಗಿ ಹೂಳುವುದಿಲ್ಲ. ಹಲಗೆಯ ಮೇಲೆ ಮಲಗಿಸಿ, ಬಟ್ಟೆ ಹೊದಿಸಿ, ಹೆಣದಂತೆ ಹೊರುತ್ತಾರೆ. ಒಬ್ಬ ಪಾದ್ರಿಯ ವೇಷ ಹಾಕುತ್ತಾನೆ. ಹೆಂಗಸರು ಎದೆ ಬಡಿದುಕೊಂಡು ಅಳುತ್ತಾರೆ. ಎಲ್ಲರೂ ನಗುತ್ತಾರೆ. ಅವರ ಊರಿನಲ್ಲಿ ಇದನ್ನು ಉಪವಾಸ ಶುರುವಾಗುವ ಹಿಂದಿನ ದಿನ, ಮಂಗಳವಾರ, ನಡುರಾತ್ರಿಗೆ ಮುಂಚೆ ಮಾಡುತ್ತಾರೆ. ಇಲ್ಲಿ ಬುಧವಾರ ಬೆಳಿಗ್ಗೆ ಎಲ್ಲರಿಗೂ ಆಫೀಸು. ಆದ್ದರಿಂದ ಶನಿವಾರ, ಮಕ್ಕಳು ಎಚ್ಚರವಿರುವಾಗಲೇ.

ಸಭಾಭವನದಲ್ಲಿ ಪಿಟೀಲು ನುಡಿಸುವ ಸದಸ್ಯನಿದ್ದ, ಬ್ಯಾಂಕಿನವನು. ಅಕಾರ್ಡಿಯನ್ ನುಡಿಸುವವನಿದ್ದ, ಹಲ್ಲಿನ ಡಾಕ್ಟರು. ಬೇಸನ್ನು ಮಾತ್ರ ಯಾರೂ ಕಲಿತಿರಲಿಲ್ಲ. ಅದನ್ನು ಹೊರಬೇಕಾಗುತ್ತದೆ.

ಡೆಜೋನ ಮನೆಯಲ್ಲಿ ತಾತನ ಕಾಲದಿಂದ ಎಲ್ಲರೂ ಬೇಸ್ ಹೊತ್ತವರು. ಅವನು ಪೂರ್ವ ಸ್ಲೊವಾಕಿಯದ ರೋಮಾ. ಉಳಿದವರು ಅವರನ್ನು ಜಿಪ್ಸಿ ಎನ್ನುತ್ತಾರೆ. ಊರಿನಿಂದ ಹೊಳೆಯಾಚೆ ಅವರ ಕೇರಿ. ಕೇರಿಗೆಲ್ಲ ಒಂದು ನಲ್ಲಿ. ಊರವರ ಮದುವೆಗಳಿಗೆ ಅವರೇ ವಾದ್ಯದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಅವರ ಗುಡಿಸಲುಗಳನ್ನು ರಸ್ತೆಬದಿಯಿಂದ ಕಿತ್ತುಹಾಕಿಸಿತು. ಗಂಡಸರನ್ನು ದುಡಿಮೆಯ ಶಿಬಿರಗಳಿಗೆ ಒಯ್ಯಿತು. ಡೆಜೋನ ತಾತ ಅಲ್ಲಿ ರೈಲುಹಳಿ ಹಾಕಿದ. ಯುದ್ಧ ಮುಗಿಯುವ ಹೊತ್ತಿಗೆ, ಅವನ ಜನ ಅನುಮತಿಯಿಲ್ಲದೆ ರೈಲು ಹತ್ತುವಂತಿರಲಿಲ್ಲ.

ಡೆಜೋ ಅಮೆರಿಕಕ್ಕೆ ಬಂದದ್ದು ವೀಸಾ ಲಾಟರಿಯಲ್ಲಿ. ಲಾಟರಿಯಲ್ಲಿ ಯಾರ ಕೇರಿ ಯಾವುದು ಎಂದು ಕೇಳುವುದಿಲ್ಲ.

ಕೆಲಸ ಕೊಟ್ಟವನು ಅಂಟನ್ ಕ್ರಾಯ್ಚಿ. ಆಫೀಸುಗಳನ್ನು ಗುಡಿಸಿ ಒರೆಸುವ ಕಾಂಟ್ರಾಕ್ಟು ಕಂಪನಿಯ ಮಾಲೀಕ. ಸ್ಲೊವಾಕ್ ಸಭಾಭವನದ ಅಧ್ಯಕ್ಷನೂ ಅವನೇ. ನಮ್ಮ ದೇಶದವನು ಎಂದು ಕೆಲಸ ಕೊಟ್ಟ. ಬೇಸ್ ನುಡಿಸುತ್ತಾನೆ ಎಂದು ಹಬ್ಬಕ್ಕೆ ಕರೆದ. ಬೇಸ್ ಡೆಜೋನದೇ. ಹೇವರ್ಡ್‌ನ ಶಾಲೆಯೊಂದು ಬಿಸಾಡಿದ್ದನ್ನು ಹೊತ್ತು ತಂದು, ಒಡೆದ ಹೊಟ್ಟೆಯನ್ನು ತಾನೇ ಅಂಟಿಸಿ, ಹೊಸ ತಂತಿ ಕಟ್ಟಿದ್ದ.

ಹೋದ ವರ್ಷದ ಹಬ್ಬದಲ್ಲಿ ಅದನ್ನು ಹೂತರು. ತೀರ್ಥ ಎಂದು ಮೇಲೆ ಬಿಯರ್ ಸುರಿದರು. ಒಬ್ಬ ಅದರ ಮೇಲೆ ಕಾಲಿಟ್ಟ. ಅಂಟಿಸಿದ್ದ ಬಿರುಕು ಮತ್ತೆ ಬಾಯಿ ಬಿಟ್ಟಿತು. ಪಿಟೀಲಿನವನೂ ಅಕಾರ್ಡಿಯನ್ನಿನವನೂ ಮೇಜಿಗೆ ಕುಳಿತು ಉಂಡರು. ಡೆಜೋಗೆ ಅಡುಗೆಮನೆಯಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ, ಕಾಗದದ ತಟ್ಟೆಯಲ್ಲಿ. ಈ ವರ್ಷ ಕರೆದಾಗ ಅವನು ಬಿರುಕಿನ ಮಾತೆತ್ತಲಿಲ್ಲ. ಒಂದು ಕುರ್ಚಿ ಕೇಳಿದ.

"ನೋಡೋಣ," ಎಂದಿದ್ದ ಕ್ರಾಯ್ಚಿ.

ಯೋಗಾನಂದನಿಗೆ ಡೆಜೋ ಪರಿಚಯವಾದದ್ದು ಕಸದ ಬುಟ್ಟಿಯ ಬಳಿ. ಅದಕ್ಕೆ ಮೊದಲು ಅವನು ಮಧ್ಯಾಹ್ನ ಊಟಕ್ಕೆ ತನ್ನ ಟೀಮಿನ ಕನ್ನಡದವರ ಜೊತೆ ಹೋಗುತ್ತಿದ್ದ. ಟೀಮ್ ಲೀಡ್ ಅನಂತಪದ್ಮನಾಭ ಒಳ್ಳೆಯ ಮಾತುಗಾರ. ಒಂದು ದಿನ ಅವನು ಯೋಗಾನಂದನ ಕೆಲಸ ಮೆಚ್ಚಿ ಬೆನ್ನು ತಟ್ಟಿದ. ತಟ್ಟಿದ ಕೈ ಎಡ ಹೆಗಲಿನ ಕೆಳಗೆ ನಿಂತಿತು. ಅಂಗಿಯ ಒಳಗೆ ದಾರವೇನಾದರೂ ಸಿಗುತ್ತದೆಯೋ ಎಂದು ಬೆರಳು ಸ್ವಲ್ಪ ಸರಿದಾಡಿತು. ಸಿಗಲಿಲ್ಲ.

"ಮಂಡ್ಯದಲ್ಲಿ ಎಲ್ಲಿ ಅಂದ್ರಿ? ಊರೊಳಗೇನಾ?"

"ಊರಾಚೆ," ಎಂದ ಯೋಗಾನಂದ.

ಮರುದಿನದಿಂದ ಊಟಕ್ಕೆ ಕರೆಯುವುದು ನಿಂತಿತು. ಯಾರೂ ಏನೂ ಹೇಳಲಿಲ್ಲ. ಯೋಗಾನಂದ ತನ್ನ ಮೇಜಿನಲ್ಲೇ ಉಣ್ಣತೊಡಗಿದ, ಸಂಜೆ ತಡವಾಗಿ ಮನೆಗೆ ಹೋಗತೊಡಗಿದ. ಆರು ಗಂಟೆಗೆ ಡೆಜೋ ಗಾಡಿ ತಳ್ಳಿಕೊಂಡು ಬರುತ್ತಿದ್ದ. ಒಂದು ಸಂಜೆ ಯೋಗಾನಂದ ಪ್ರೋಗ್ರಾಮ್ ಮುಗಿಯಲೆಂದು ಕಾಯುತ್ತ ಬೆರಳುಗಳಿಂದ ಮೇಜು ಬಡಿಯುತ್ತಿದ್ದ. ಡೆಜೋ ನಿಂತು ಆಲಿಸಿದ. ಆಮೇಲೆ ಖಾಲಿ ಬುಟ್ಟಿಯನ್ನು ಬೋರಲು ಹಿಡಿದು, ಅದೇ ಪೆಟ್ಟನ್ನು ತಿರುಗಿ ಬಡಿದ.

"ಮದುವೆಯದೋ?" ಎಂದು ಕೇಳಿದ.

"ಸಾವಿನದು," ಎಂದ ಯೋಗಾನಂದ.

ಸ್ನೇಹ ಅಷ್ಟರಿಂದ ಆಯಿತು.

ಬೇಸ್ ಒಳಗೆ ಬಂದ ಮೇಲೆ ಕ್ರಾಯ್ಚಿ ಅಡುಗೆಮನೆಗೆ ಬಂದ. ಎತ್ತರದ ಆಳು, ಕಸೂತಿ ಹಾಕಿದ ಬಿಳಿ ಅಂಗಿ. ಮೊದಲು ಫ್ರಿಜ್ ನೋಡಿದ. ಆಮೇಲೆ ಯೋಗಾನಂದನನ್ನು ನೋಡಿದ.

"ನೀವು?"

"ಡೆಜೋನ ಸ್ನೇಹಿತ. ಅವನು ಗುಡಿಸುವ ಆಫೀಸಿನಲ್ಲಿ ಕೆಲಸ."

"ಎಂಜಿನಿಯರ್! ಇಂಡಿಯಾದವರು!" ಕ್ರಾಯ್ಚಿಯ ಮುಖ ಅರಳಿತು. "ಇಲ್ಲಿ ಅಡುಗೆಮನೆಯಲ್ಲಿ ಏನು ಮಾಡುತ್ತಿದ್ದೀರಿ?"

"ಬೇಸ್ ಹೊತ್ತುಕೊಂಡು ಬಂದೆ."

"ಅದಕ್ಕೆ ಜನ ಇದ್ದಾರೆ. ನೀವು ನಮ್ಮ ಅತಿಥಿ. ಬನ್ನಿ."

ಮೊಣಕೈ ಹಿಡಿದ. ಯೋಗಾನಂದ ಹಿಂದಿರುಗಿ ಡೆಜೋನ ಕಡೆ ನೋಡಿದ. ಡೆಜೋ ಟೈ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಿದ್ದ.

"ಮಿಸ್ಟರ್ ಕ್ರಾಯ್ಚಿ, ಕುರ್ಚಿ?"

"ಈ ಸಲ ಜನ ಜಾಸ್ತಿ, ಡೆಜೋ. ನೋಡೋಣ. ಮೊದಲು ನುಡಿಸು."

ಕಲೀಮನ ಅಂಗಿಯ ಮೇಲೆ ಗ್ರೋಸರಿಯ ಹೆಸರಿತ್ತು. ಅವನನ್ನು ಯಾರೂ ಕರೆಯಲಿಲ್ಲ.

"ಹೋಗಣ್ಣ, ನಿಂಗೆ ಸೀಟು ಸಿಕ್ತು," ಎಂದ ಅವನು. "ನಾನಿಲ್ಲೇ ಫ್ರಿಜ್ ಕಾಯ್ಕೊಂಡಿರ್ತೀನಿ. ಏನಾದ್ರೂ ತಿನ್ನೋಕೆ ಮುಂಚೆ ಎಣ್ಣೆ ಯಾವ್ದು ಅಂತ ಕೇಳಿ ಹೇಳು."

ಯೋಗಾನಂದ ಕೇಳಿದ. ಹಂದಿಯ ಕೊಬ್ಬು. ಕಲೀಮ್ ವ್ಯಾನಿಗೆ ಹೋಗಿ ಬಾಳೆಹಣ್ಣು ತಂದುಕೊಂಡ.

ಸಭಾಂಗಣದ ಗೋಡೆಯ ತುಂಬ ಚಿತ್ರಗಳಿದ್ದವು. ಬೆನ್ನಿಗೆ ತಂತಿಯ ಸುರುಳಿ ಹೊತ್ತು ದೇಶದೇಶ ತಿರುಗಿ, ಒಡೆದ ಮಡಕೆಗಳನ್ನು ತಂತಿಯಿಂದ ಹೆಣೆದು ಕೊಡುತ್ತಿದ್ದ ಸ್ಲೊವಾಕರು. ಪೆನ್ಸಿಲ್ವೇನಿಯದ ಕಲ್ಲಿದ್ದಲ ಗಣಿಯ ಬಾಯಲ್ಲಿ ಮಸಿ ಮುಖದವರು. ಪ್ರಾಗ್‌ನ ಬೀದಿಯಲ್ಲಿ ರಷ್ಯಾದ ಟ್ಯಾಂಕುಗಳು. ಹಳೆಯ ಹಳ್ಳಿ ಮದುವೆಯೊಂದರ ದೊಡ್ಡ ಫೋಟೋ. ಅದರ ಕೆಳಗೆ ವಧು, ವರ, ಪಾದ್ರಿ, ಬೀಗರ ಹೆಸರುಗಳಿದ್ದವು. ತುದಿಯಲ್ಲಿ ಬೇಸ್ ಹಿಡಿದು ನಿಂತವನ ಹೆಸರಿರಲಿಲ್ಲ.

ಯೋಗಾನಂದನಿಗೆ ಅಧ್ಯಕ್ಷರ ಮೇಜಿನಲ್ಲೇ ಜಾಗ ಕೊಟ್ಟರು. ಪಕ್ಕದ ಕುರ್ಚಿಯ ಮೇಲೆ ಎರಡು ಕೋಟುಗಳಿದ್ದವು. ಯಾರೂ ಅಲ್ಲಿ ಕೂರಲಿಲ್ಲ.

ಮೊದಲು ಕುಣಿತ. ಡೆಜೋ ಗೋಡೆಗೆ ಬೆನ್ನು ಕೊಟ್ಟು ನಿಂತು ನುಡಿಸಿದ. ಬೆರಳುಗಳು ದಪ್ಪ ತಂತಿಯನ್ನು ಎಳೆದೆಳೆದು ಬಿಡುತ್ತಿದ್ದವು. ತರಚಿದ ಮುಂಗೈಯಿಂದ ಮತ್ತೆ ರಕ್ತ ಒಸರಿತು. ಪಿಟೀಲಿನವನು ತಾಳ ತಪ್ಪಿದಾಗ ಡೆಜೋ ಅವನ ಕಡೆ ನೋಡುತ್ತಿರಲಿಲ್ಲ, ತಾನೇ ಕಾದು ಜೊತೆಗೆ ಸೇರಿಕೊಳ್ಳುತ್ತಿದ್ದ. ಜನ ಕುಣಿದರು. ಮುದುಕರು ಕುಣಿದರು. ಅಮೆರಿಕದಲ್ಲೇ ಹುಟ್ಟಿದ ಮಕ್ಕಳೂ ಕುಣಿದರು.

ಆಮೇಲೆ ಊಟ. ಪಿಟೀಲು ಅಕಾರ್ಡಿಯನ್ನು ಕೆಳಗಿಟ್ಟು ಇಬ್ಬರೂ ತಮ್ಮ ತಮ್ಮ ಹೆಂಡಿರ ಪಕ್ಕದಲ್ಲಿ ಕುಳಿತರು. ಡೆಜೋ ಬೇಸ್ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಕ್ರಾಯ್ಚಿ ಅಡುಗೆಮನೆಯ ಕಡೆ ಗದ್ದ ತೋರಿಸಿದ. ಡೆಜೋ ಬೇಸ್ ಎತ್ತಿಕೊಂಡು ಒಳಗೆ ಹೋದ.

ಕ್ರಾಯ್ಚಿ ಎದ್ದು ಭಾಷಣ ಮಾಡಿದ. ಚೆನ್ನಾಗಿ ಮಾಡಿದ. ಬೇರೆಯವರು ತಮ್ಮನ್ನು ಆಳಿದ ಸಾವಿರ ವರ್ಷ. ಹೊಟ್ಟೆಗಾಗಿ ಅಮೆರಿಕಕ್ಕೆ ಹಡಗು ಹತ್ತಿದವರು. ಗಣಿಗಳಲ್ಲಿ ಅವರನ್ನು ಹಂಕಿ ಎಂದು ಹೀಗಳೆದದ್ದು. ಹದಿನೆಂಟುನೂರ ತೊಂಬತ್ತೇಳರಲ್ಲಿ ಲ್ಯಾಟಿಮರ್ ಎಂಬಲ್ಲಿ, ಕೈಯಲ್ಲಿ ಆಯುಧವಿಲ್ಲದೆ ಮೆರವಣಿಗೆ ಹೊರಟ ಗಣಿಯಾಳುಗಳ ಮೇಲೆ ಶೆರೀಫನ ಜನ ಗುಂಡು ಹಾರಿಸಿದ್ದು. ಸತ್ತ ಹತ್ತೊಂಬತ್ತು ಜನರಲ್ಲಿ ಸ್ಲೊವಾಕರೂ ಇದ್ದದ್ದು. ಯಾರಿಗೂ ಶಿಕ್ಷೆಯಾಗದಿದ್ದದ್ದು. ಅರವತ್ತೆಂಟರಲ್ಲಿ ಟ್ಯಾಂಕುಗಳು ಬಂದ ಮೇಲೆ ತಾನು ಗಡಿ ದಾಟಿ ಆಸ್ಟ್ರಿಯಾಕ್ಕೆ ನಡೆದದ್ದು. ಏಳು ವರ್ಷದ ಹಿಂದೆ ದೇಶ ತನ್ನದಾದದ್ದು. ಅದರಲ್ಲಿ ಯೋಗಾನಂದನಿಗೆ ಸುಳ್ಳು ಕಾಣಲಿಲ್ಲ.

"ನನ್ನ ಹೆಂಡತಿಯ ಅಜ್ಜ ಗಣಿಯ ಯಜಮಾನನ ಮನೆಗೆ ಹಿಂಬಾಗಿಲಿನಿಂದ ಹೋಗಬೇಕಿತ್ತು," ಎಂದ ಕ್ರಾಯ್ಚಿ. "ಮಕ್ಕಳೇ, ಅದನ್ನು ಮರೆಯಬೇಡಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಡುಗೆಮನೆಯ ಬಾಗಿಲಿಗೆ ದುಂಡನೆಯ ಗಾಜಿನ ಕಿಂಡಿಯಿತ್ತು. ಅದರಲ್ಲಿ ಕಲೀಮನ ಮುಖ ಕಾಣುತ್ತಿತ್ತು. ಬಾಳೆಹಣ್ಣು ತಿನ್ನುತ್ತಿದ್ದ.

ಎಲೆಕೋಸಿನ ಸೂಪು ಬಂತು. ಯೋಗಾನಂದ ಸೂಪು ಕುಡಿದ. ಆಮೇಲೆ ಕೇಳಿದ.

"ಡೆಜೋ ಎಲ್ಲಿ ಊಟ ಮಾಡುತ್ತಾನೆ?"

"ಒಳಗೆ ಬಡಿಸುತ್ತಾರೆ," ಎಂದ ಕ್ರಾಯ್ಚಿ. "ಇದೇ ಸೂಪು. ನಾವು ಭೇದ ಮಾಡುವುದಿಲ್ಲ."

"ಈ ಕುರ್ಚಿ ಖಾಲಿ ಇದೆ."

"ಕೋಟುಗಳಿವೆಯಲ್ಲ."

ಎದುರಿಗೆ ಕುಳಿತಿದ್ದ ಹೆಂಗಸು ಚಮಚ ಕೆಳಗಿಟ್ಟಳು. "ನಿಮಗೆ ಅವರ ವಿಷಯ ಗೊತ್ತಿಲ್ಲ. ಗುಂಪುಗುಂಪಾಗಿ ಲಂಡನ್ನಿಗೆ ಹೋಗಿ ಆಶ್ರಯ ಕೊಡಿ ಎಂದು ಕೂತರು. ಇವರಿಂದಾಗಿ ಬ್ರಿಟನ್ನಿನವರು ಸ್ಲೊವಾಕರಿಗೆಲ್ಲ ವೀಸಾ ಕಡ್ಡಾಯ ಮಾಡಿದರು. ಈಗ ಫಿನ್ಲೆಂಡಿನವರೂ ಹಾಗೇ ಮಾಡಿದ್ದಾರೆ. ನನ್ನ ತಂಗಿ ಲಂಡನ್ನಿಗೆ ಹೋಗಲು ಕ್ಯೂ ನಿಲ್ಲಬೇಕು."

"ನನಗೂ ಕ್ಯೂ ನಿಂತು ಅಭ್ಯಾಸವಿದೆ," ಎಂದ ಯೋಗಾನಂದ.

ಕ್ರಾಯ್ಚಿ ನಕ್ಕ. ಮಾತು ತಿರುಗಿಸಲು ನೋಡಿದ. "ನಿಮಗೊಂದು ಸ್ವಾರಸ್ಯ ಹೇಳುತ್ತೇನೆ. ಅವರು ಮೂಲದಲ್ಲಿ ನಿಮ್ಮ ದೇಶದವರೇ. ಇಂಡಿಯಾದಿಂದ ಬಂದವರು. ಸಾವಿರ ವರ್ಷದ ಹಿಂದೆ."

"ನಾನು ಬಂದು ಮೂರು ವರ್ಷ," ಎಂದ ಯೋಗಾನಂದ. "ನನಗೆ ಕುರ್ಚಿ ಕೊಟ್ಟಿದ್ದೀರಿ."

ಸಾಸೇಜು ಬಂತು.

ಎಂಟು ಗಂಟೆಗೆ ಶವಸಂಸ್ಕಾರಕ್ಕೆ ಸಿದ್ಧತೆಯಾಯಿತು. ಇಸ್ತ್ರಿ ಮಾಡುವ ಹಲಗೆಗೆ ಕಪ್ಪು ಬಟ್ಟೆ ಹೊದಿಸಿದರು. ಹಲ್ಲಿನ ಡಾಕ್ಟರು ಸ್ನಾನದ ನಿಲುವಂಗಿ ತೊಟ್ಟು ಪಾದ್ರಿಯಾದ. ಪಾತ್ರೆ ತೊಳೆಯುವ ಬ್ರಷ್ಷು, ಒಂದು ಜಗ್ಗು ಬಿಯರು, ಅದು ತೀರ್ಥ. ಹೆಂಗಸರು ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡು, ನಗು ತಡೆಯಲಾರದೆ ಅಳುವುದಕ್ಕೆ ನಿಂತರು. ಮಕ್ಕಳನ್ನು ಮುಂದೆ ಕೂರಿಸಿದರು.

ಕ್ರಾಯ್ಚಿ ಒಂದು ದೊಡ್ಡ ಪಾತ್ರೆಯ ಮುಚ್ಚಳವನ್ನೂ ಮರದ ಸೌಟನ್ನೂ ತಂದು ಯೋಗಾನಂದನ ಕೈಗೆ ಕೊಟ್ಟ.

"ಇದು ಚರ್ಚಿನ ಗಂಟೆ. ಪ್ರತಿವರ್ಷ ಅತಿಥಿಗೆ ಈ ಗೌರವ. ಹೆಣದ ಮುಂದೆ ಬಾರಿಸುತ್ತ ನಡೆಯಬೇಕು. ಸುಲಭ."

ಯೋಗಾನಂದ ಮುಚ್ಚಳವನ್ನು ನೋಡಿದ.

ಅವನ ಅಪ್ಪ ಊರಿನಲ್ಲಿ ಸಾವಾದಾಗಲೆಲ್ಲ ಹೆಣದ ಮುಂದೆ ತಮಟೆ ಬಾರಿಸುತ್ತಿದ್ದ. ಸಾವು ಬೆಳಗಿನ ಜಾವ ಆದರೆ ಬೆಳಗಿನ ಜಾವದಿಂದ. ತಮಟೆಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿ, ಕಾಯಿಸಿ, ಹೆಣ ಸುಡುಗಾಡು ಸೇರುವತನಕ. ಹೆಬ್ಬೆರಳು ಒಡೆದು ಕೋಲಿಗೆ ರಕ್ತ ಹತ್ತುತ್ತಿತ್ತು. ಹೆಣವನ್ನು ಮುಟ್ಟುವಂತಿರಲಿಲ್ಲ. ಹೆಣದ ಮನೆಯ ಜಗುಲಿ ಹತ್ತುವಂತಿರಲಿಲ್ಲ. ತಿಥಿಯ ದಿನ ಹಿತ್ತಲಲ್ಲಿ, ಎಲ್ಲರದೂ ಆದ ಮೇಲೆ, ಸೆರಗಿಗೋ ಟವೆಲಿಗೋ ಮೇಲಿನಿಂದ ಅನ್ನ ಹಾಕುತ್ತಿದ್ದರು. ಎಪ್ಪತ್ತೆಂಟನೇ ಇಸವಿಯಲ್ಲಿ ಪಟೇಲನ ತಾಯಿ ಸತ್ತಾಗ ಅಪ್ಪ ಬಾರಿಸುವುದಿಲ್ಲ ಎಂದ. ಊರಿನವರು ಹೊಲಕ್ಕೆ ಕರೆಯುವುದನ್ನು ನಿಲ್ಲಿಸಿದರು. ಅಂಗಡಿಯವನು ಉಪ್ಪು ಕೊಡಲಿಲ್ಲ. ಅವ್ವ ಬೇರೆ ಊರಿನಿಂದ ಉಪ್ಪು ಹೊತ್ತು ತಂದಳು. ಅಪ್ಪ ಮತ್ತೆ ಬಾರಿಸಲಿಲ್ಲ.

ಯೋಗಾನಂದ ಮುಚ್ಚಳವನ್ನೂ ಸೌಟನ್ನೂ ಮೇಜಿನ ಮೇಲಿಟ್ಟ.

"ನಾನು ಬಾರಿಸುವುದಿಲ್ಲ."

"ನಾಚಿಕೆ ಬೇಡ. ಯಾರು ಬೇಕಾದರೂ ಬಾರಿಸಬಹುದು."

"ಹೆಣದ ಮುಂದೆ ಬಾರಿಸುವುದು ನಮ್ಮ ಮನೆಯವರ ಕೆಲಸವಾಗಿತ್ತು. ನಮ್ಮಪ್ಪ ಬಿಟ್ಟ. ನಾನು ಮತ್ತೆ ಶುರುಮಾಡುವುದಿಲ್ಲ. ನಮ್ಮೂರಲ್ಲಿ ನನ್ನನ್ನು ಈ ಕುರ್ಚಿಯಲ್ಲಿ ಯಾರೂ ಕೂರಿಸುವುದಿಲ್ಲ. ನಾನು ಡೆಜೋನ ಕಡೆಯವನು. ಅವನಿಗಾದರೂ ಅಡುಗೆಮನೆ. ನಮಗೆ ಅಡುಗೆಮನೆಯೂ ಇಲ್ಲ, ಹಿತ್ತಲು."

ಕ್ರಾಯ್ಚಿ ಅವನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದ.

"ಕ್ಷಮಿಸಿ," ಎಂದ. "ನಮಗೆ ಗೊತ್ತಿರಲಿಲ್ಲ."

ಕ್ಷಮೆ ಯಾವುದಕ್ಕೆ ಎಂಬುದು ಸ್ಪಷ್ಟವಾಗಲಿಲ್ಲ. ಮುಚ್ಚಳವನ್ನು ಬ್ಯಾಂಕಿನವನಿಗೆ ಕೊಟ್ಟ.

ಹೆಣ ತರಲು ಇಬ್ಬರು ಅಡುಗೆಮನೆಗೆ ಹೋದರು. ಬರಿಗೈಯಲ್ಲಿ ಬಂದರು. ಅವರ ಹಿಂದೆ ಡೆಜೋ ಬಂದ. ಬೇಸನ್ನು ತಾನೇ ಹಿಡಿದಿದ್ದ. ಹಲಗೆಯ ಪಕ್ಕ ಬಂದು ನಿಂತ. ಮಲಗಿಸಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನಕ್ಕೆ ಸ್ಲೊವಾಕ್ ಬರುತ್ತಿರಲಿಲ್ಲ. ಆದ್ದರಿಂದ ಇಂಗ್ಲಿಷಿನಲ್ಲಿ ಹೇಳಿದ.

"ಸತ್ತದ್ದು ಯಾರು?"

ಮಕ್ಕಳು ಒಟ್ಟಿಗೆ ಕೂಗಿದರು: "ಬೇಸ್!"

"ಬೇಸ್ ಯಾರದು?"

ಮಕ್ಕಳು ದೊಡ್ಡವರ ಮುಖ ನೋಡಿದರು.

"ನನ್ನದು," ಎಂದ ಡೆಜೋ. "ಹಾಗಾದರೆ ಸತ್ತವರ ಮನೆಯವನು ನಾನು. ನಮ್ಮ ದೇಶದಲ್ಲಿ ಹೂಳಿ ಬಂದ ಮೇಲೆ ಊಟ ಇರುತ್ತದೆ. ಆ ಊಟದಲ್ಲಿ ಸತ್ತವರ ಮನೆಯವರು ಎಲ್ಲಿ ಕೂರುತ್ತಾರೆ, ಮಿಸ್ಟರ್ ಕ್ರಾಯ್ಚಿ?"

ಇದೂ ಹಬ್ಬದ ಹಾಸ್ಯವೆಂದುಕೊಂಡು ಜನ ನಕ್ಕರು. ಸುಳ್ಳು ಪಾದ್ರಿ ಎಲ್ಲರಿಗಿಂತ ಜೋರಾಗಿ ನಕ್ಕ. ಡೆಜೋ ಕಾದ. ನಗು ನಿಂತ ಮೇಲೆ ಮತ್ತೆ ಕೇಳಿದ.

"ಎಲ್ಲಿ ಕೂರುತ್ತಾರೆ?"

"ಮೇಜಿನ ತಲೆಗೆ," ಎಂದಳು ಹಿಂದಿನ ಸಾಲಿನ ಒಬ್ಬ ಮುದುಕಿ. ಪ್ರಶ್ನೆ ಕೇಳಿದ್ದಾನಲ್ಲ ಎಂದು ಉತ್ತರ ಹೇಳಿದಳು. ಪಕ್ಕದವರು ಅವಳನ್ನು ಸುಮ್ಮನಿರಿಸಿದರು.

"ಡೆಜೋ," ಎಂದ ಕ್ರಾಯ್ಚಿ. "ಇದು ಆಟ."

"ಆಟ. ಸರಿ. ಆಟದಲ್ಲೇ ಕುರ್ಚಿ ಕೊಡಿ."

ಯೋಗಾನಂದ ಪಕ್ಕದ ಕುರ್ಚಿಯಿಂದ ಎರಡೂ ಕೋಟುಗಳನ್ನು ಎತ್ತಿದ. ಮಡಿಸಿ, ತಾನು ಕುಳಿತಿದ್ದ ಕುರ್ಚಿಯ ಮೇಲಿಟ್ಟ. ಈಗ ಅವನು ನಿಂತಿದ್ದ, ಕೋಟುಗಳು 'ಅತಿಥಿ'ಯ ಜಾಗದಲ್ಲಿದ್ದವು, ಪಕ್ಕದ ಕುರ್ಚಿ ಖಾಲಿಯಿತ್ತು.

ಡೆಜೋ ಬೇಸ್ ಹಿಡಿದುಕೊಂಡೇ ಮೇಜಿನ ಕಡೆ ನಡೆದ. ಕ್ರಾಯ್ಚಿ ಅವನಿಗಿಂತ ಮೊದಲು ತಲುಪಿ, ಖಾಲಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟ. ಎಳೆಯಲಿಲ್ಲ, ತಳ್ಳಲಿಲ್ಲ. ಇಟ್ಟ, ಅಷ್ಟೆ. ಇಬ್ಬರೂ ಹತ್ತಿರ ನಿಂತಿದ್ದರು. ಕ್ರಾಯ್ಚಿ ದನಿ ತಗ್ಗಿಸಿದ. ಯೋಗಾನಂದನಿಗೆ ಕೇಳಿಸಿತು.

"ನಾನೊಬ್ಬನೇ ಆಗಿದ್ದರೆ ಕೊಡುತ್ತಿದ್ದೆ. ಇವರೆಲ್ಲ ಏನಂದುಕೊಳ್ಳುತ್ತಾರೆ? ಸೋಮವಾರ ನೀನು ಕೆಲಸಕ್ಕೆ ಬರಬೇಕು. ಯೋಚಿಸು."

ಡೆಜೋ ಯೋಚಿಸಿದ. ಕುರ್ಚಿಯ ಮೇಲಿದ್ದ ಕೈಯನ್ನು ನೋಡಿದ. ಕೈ ಕದಲಲಿಲ್ಲ.

"ಹಾಗಾದರೆ ಇವತ್ತು ಸಾವಿಲ್ಲ," ಎಂದ.

ಬೇಸ್ ತಿರುಗಿಸಿದ. ಅಡುಗೆಮನೆಯ ಕಡೆಗಲ್ಲ. ಸಭಾಂಗಣದ ಆ ತುದಿಯಲ್ಲಿ ಎರಡು ರೆಕ್ಕೆಯ ಮುಂಬಾಗಿಲಿತ್ತು. ಆ ಕಡೆಗೆ.

"ಅಣ್ಣ, ನಿಲ್ಲಿಸ್ಕೋ, ಬಂದೆ," ಎಂದು ಕನ್ನಡದಲ್ಲಿ ಕೂಗುತ್ತ ಕಲೀಮ್ ಅಡುಗೆಮನೆಯಿಂದ ಓಡಿಬಂದ. ಬುಡಕ್ಕೆ ಹೆಗಲು ಕೊಟ್ಟ. ಯೋಗಾನಂದ ನಡುವೆ ಕೊಟ್ಟ. ಡೆಜೋ ಕತ್ತಿನ ಕಡೆ. ಮೂವರೂ ಬೇಸನ್ನು ಹೆಗಲ ಮೇಲೆ ಹೊತ್ತು ಮೇಜುಗಳ ನಡುವೆ ಹೊರಟರು. ಹೆಣ ಹೊರುವುದು ಹಾಗೆಯೇ. ಕಪ್ಪು ವಸ್ತ್ರದ ಹೆಂಗಸರು ಎರಡೂ ಕಡೆ ನಿಂತಿದ್ದರು. ಯಾರೂ ಅಳಲಿಲ್ಲ. ಬ್ಯಾಂಕಿನವನ ಕೈಯಲ್ಲಿ ಮುಚ್ಚಳವಿತ್ತು. ಅವನು ಬಾರಿಸಲಿಲ್ಲ.

ಮುಂಬಾಗಿಲಿನ ಒಂದು ರೆಕ್ಕೆಗೆ ಮೇಲೆ ಕೆಳಗೆ ಚಿಲಕ ಹಾಕಿತ್ತು. ಕಲೀಮ್ ಹೆಗಲು ತಗ್ಗಿಸದೆ ಒಂದು ಕೈಯಿಂದ ಮೇಲಿನದನ್ನೂ, ಬೂಟಿನ ತುದಿಯಿಂದ ಕೆಳಗಿನದನ್ನೂ ತೆಗೆದ. ಎರಡೂ ರೆಕ್ಕೆ ತೆರೆದವು. ಬೇಸ್ ಎಲ್ಲಿಯೂ ತಾಗದೆ ಹೊರಗೆ ಹೋಯಿತು.

ವ್ಯಾನಿನಲ್ಲಿ ಅಕ್ಕಿಯ ಖಾಲಿ ಚೀಲಗಳಿದ್ದವು. ಅವುಗಳ ಮೇಲೆ ಅದನ್ನು ಮಲಗಿಸಿದರು.

"ಊಟ ಆಯ್ತೇನಣ್ಣ ನಿಂದು?" ಎಂದ ಕಲೀಮ್.

"ಸೂಪಾಗಿತ್ತು."

"ನಂದು ಬಾಳೆಹಣ್ಣು. ಇವನದು?"

ಯೋಗಾನಂದ ಡೆಜೋನನ್ನು ಕೇಳಿದ. ಡೆಜೋ ತಲೆಯಾಡಿಸಿದ. ಬಕೆಟ್ಟಿನ ಮೇಲೆ ಕೂತಿರಲಿಲ್ಲ. ಕಾಗದದ ತಟ್ಟೆ ಮುಟ್ಟಿರಲಿಲ್ಲ.

"ಬಿಡು, ಜರೀನಾ ಆಪಾ ಮನೆಗೆ ಹೋಗೋಣ," ಎಂದ ಕಲೀಮ್. ಜರೀನಾ ಅವನ ಅಕ್ಕ. "ಮೂರು ಜನ ಅಂತ ಹೇಳ್ತೀನಿ. ಬೈತಾಳೆ. ಬೈದು ಊಟಾನೂ ಹಾಕ್ತಾಳೆ."

ವ್ಯಾನು ಕೊಲ್ಲಿಯ ಮೇಲಿನ ಸೇತುವೆ ದಾಟಿತು. ಡೆಜೋ ದಾರಿಯುದ್ದಕ್ಕೂ ಹಿಂದೆ ಕುಳಿತು, ವಾದ್ಯ ಉರುಳದಂತೆ ಹಿಡಿದುಕೊಂಡಿದ್ದ. ಒಮ್ಮೆ ಮಾತ್ರ ಮಾತನಾಡಿದ.

"ಹೆಂಡತಿಗೆ ಏನು ಹೇಳಲಿ?"

"ಮುಂಬಾಗಿಲಿಂದ ಬಂದೆ ಅಂತ ಹೇಳು," ಎಂದ ಯೋಗಾನಂದ.

"ಹೊರಗೆ ಬಂದೆ."

"ಹೌದು. ಹೊರಗೆ."

ಜರೀನಾ ಬೈದಳು. "ಹೇಳ್ದೆ ಕೇಳ್ದೆ ಎಂಟೂವರೆಗೆ ಫೋನು! ಮೂರು ಜನ ಅಂದೆ, ಇದೇನು ನಾಕನೇದು?" ಎಂದು ಬೇಸ್ ತೋರಿಸಿದಳು. ಅದನ್ನು ಮಕ್ಕಳ ಮಂಚದ ಮೇಲೆ ಒರಗಿಸಲು ಜಾಗ ಮಾಡಿಕೊಟ್ಟಳು. ಆ ಅಪಾರ್ಟ್‌ಮೆಂಟಿನಲ್ಲಿ ಊಟದ ಮೇಜಿರಲಿಲ್ಲ, ಕುರ್ಚಿಯೂ ಇರಲಿಲ್ಲ. ನೆಲಕ್ಕೆ ಬಟ್ಟೆ ಹಾಸಿ ಎಲ್ಲರೂ ಸುತ್ತ ಕುಳಿತರು. ಡೆಜೋಗೆ ಚಕ್ಕಂಬಕ್ಕಳ ಹಾಕಲು ಬರಲಿಲ್ಲ. ಕಾಲು ಚಾಚಿಕೊಂಡು, ಟೈ ತೆಗೆದು ಜೇಬಿನಲ್ಲಿಟ್ಟು ಉಂಡ. ಎರಡನೇ ಸಲ ಹಾಕಿಸಿಕೊಂಡ.

ಸೋಮವಾರ ಸಂಜೆ ಆರು ಗಂಟೆಗೆ ಯೋಗಾನಂದನ ಕಸದ ಬುಟ್ಟಿ ಖಾಲಿ ಮಾಡಲು ಬೇರೆಯವನು ಬಂದ. ಕೆಲಸ ಕಡಿಮೆಯಾಗಿದೆ, ಜನ ಹೆಚ್ಚಾಗಿದ್ದಾರೆ ಎಂದು ಕ್ರಾಯ್ಚಿಯ ಕಂಪನಿ ಡೆಜೋಗೆ ತಿಳಿಸಿತ್ತು. ಆ ತಿಂಗಳು ಆ ಭಾಗದ ಪ್ರತಿಯೊಂದು ಕಂಪನಿಯೂ ಜನರನ್ನು ಹುಡುಕುತ್ತಿತ್ತು. ಡೆಜೋ ಫ್ರೀಮಾಂಟ್‌ನ ಗ್ರೋಸರಿಯಲ್ಲಿ ಅಕ್ಕಿಮೂಟೆ ಇಳಿಸುವ ಕೆಲಸಕ್ಕೆ ಸೇರಿದ. ಬೆನ್ನು ನೋವು ಬಂತು. ಬೇಸ್ ಹೊರುವುದನ್ನು ಬಿಡಲಿಲ್ಲ. ಉಪವಾಸದ ದಿನಗಳಲ್ಲಿ ಭಾನುವಾರಗಳಂದು ತನ್ನ ಮನೆಯಲ್ಲಿ ನುಡಿಸಿದ. ಪಕ್ಕದ ಅಪಾರ್ಟ್‌ಮೆಂಟಿನವರು ಗೋಡೆ ಬಡಿದರು.

ಮರುವರ್ಷ ಫೆಬ್ರವರಿಯಲ್ಲಿ ಸಭಾಭವನದವರು ರಟ್ಟಿನ ಬೇಸ್ ಮಾಡಿಸಿ, ಕಂದು ಬಣ್ಣ ಬಳಿದು ಹೂತರು. ಅದನ್ನು ಒಳಗೆ ತಂದದ್ದು ಮುಂಬಾಗಿಲಿನಿಂದ.